ಅಪ್‌ಡೇಟ್: 3 ಪಾಯಿಂಟ್ ಕೈಯಲ್ಲಿ ಟ್ರಾನ್ಸ್‌ಫರ್ ಬೇಕೇ?

ಹಿಂದೆ ಕೇಳಿದ್ದು: ಬ್ರಿಡ್ಜ್ ಇಸ್ಪೀಟಾಟದಲ್ಲಿ ಜೊತೆಗಾರರು 15-17 ಪಾಯಿಂಟಿನ (ಏಸ್ 4, ರಾಜ 3, ರಾಣಿ 2, ಗುಲಾಮ 1) 1 ನೋ ಟ್ರಂಪ್ (ತುರುಫಿಲ್ಲದ ಆಟ) ಕರೆದಾಗ ಕೈಯಲ್ಲಿ ಸ್ಪೇಡ್ 10-8-7-5-3, ಹಾರ್ಟ್ 6-2, ಡೈಮಂಡ್ ಗುಲಾಮ-7-4, ಕ್ಲಬ್ ರಾಣಿ-8-5 ಇದ್ದರೆ ಪಾಸ್ ಮಾಡಬೇಕೇ?

ಬೇಡ. 2 ಹಾರ್ಟ್ ಕರೆಯಿರಿ; ಇದೇ ಟ್ರಾನ್ಸ್‌ಫರ್, ಅಂದರೆ ‘ನನ್ನಲ್ಲಿ ಐದಾದರೂ ಸ್ಪೇಡ್ ಇವೆ, ನೀವು 2 ಸ್ಪೇಡ್ ಕರೆಯಿರಿ’ ಎಂಬ ಸಂಕೇತ. ಅವರು 2 ಸ್ಪೇಡ್ ಎಂದ ಮೇಲೆ ಪಾಸ್. ನೋ ಟ್ರಂಪ್‌ನಲ್ಲಿ ಈ ಕೈಗೆ ಬರಲು (ಇಲ್ಲಿನ ಎಲೆಯಿಂದ ಸುತ್ತು ಗೆದ್ದು ಇಲ್ಲಿಂದ ಆಡಲು) ದಾರಿ ಸಿಗುವುದು ಕಷ್ಟ, ಐದು ಸ್ಪೇಡ್‌ಗಳು ವ್ಯರ್ಥ. ಸ್ಪೇಡ್ ತುರುಫಾದರೆ ಸಣ್ಣ ಎಲೆಗಳೇ ಪಟ್ಟು (ಗೆದ್ದ ಸುತ್ತು) ತರಬಲ್ಲವು. ಜೊತೆಗಾರರ ಬಲವಾದ ಕೈ ಮುಚ್ಚಿಯೇ ಉಳಿಯುತ್ತದೆ, ಎದುರಾಳಿಯ ಮೊದಲ ಎಲೆ ಅದರ ಕಡೆಗೇ ಬರುತ್ತದೆ. ಪಾಯಿಂಟ್ ಕಡಿಮೆಯಿದ್ದಷ್ಟೂ ಟ್ರಾನ್ಸ್‌ಫರ್ ಹೆಚ್ಚು ಬೇಕು, ಇದನ್ನು ಒತ್ತಿ ಹೇಳುತ್ತೇನೆ.

ಐದೇ ಸ್ಪೇಡ್ ಇದ್ದು 8-9 ಪಾಯಿಂಟ್ ಆದರೆ, ಅವರು 2 ಸ್ಪೇಡ್ ಎಂದ ಮೇಲೆ ನಿಮ್ಮ ಮುಂದಿನ ಬಿಡ್ (ಕರೆ) 2 ನೋ ಟ್ರಂಪ್. 10 ಅಥವಾ ಹೆಚ್ಚಾದರೆ 3 ನೋ ಟ್ರಂಪ್, ಮೂರು ಸ್ಪೇಡ್ ಇರುವ ಜೊತೆಗಾರರು ಸಾಮಾನ್ಯವಾಗಿ 4 ಸ್ಪೇಡ್‌ಗೆ ತಿದ್ದುತ್ತಾರೆ. ಅಷ್ಟೇ ಪಾಯಿಂಟಿಗೆ ಆರು ಸ್ಪೇಡ್ ಇದ್ದರೆ ನೇರ 4 ಸ್ಪೇಡ್.

ಎಡವುವುದು ಹೆಚ್ಚಾಗಿ ಓಪನರ್ (1 ನೋ ಟ್ರಂಪ್ ಕರೆದ ಜೊತೆಗಾರ). 2 ಹಾರ್ಟ್ ಕೇಳಿ, ತನ್ನಲ್ಲೂ ಹಾರ್ಟ್ ಚೆನ್ನಾಗಿದೆಯೆಂದು ಪಾಸ್ ಮಾಡಿದರೆ ಎರಡೇ ಹಾರ್ಟ್ ಇರುವ ಕೈಯೊಂದಿಗೆ ಆಡಬೇಕಾಗುತ್ತದೆ. ಟ್ರಾನ್ಸ್‌ಫರ್ ಪೂರೈಸಲೇಬೇಕು. ನಾಲ್ಕು ಸ್ಪೇಡ್ ಮತ್ತು 17 ಪಾಯಿಂಟ್ ಇದ್ದರೆ 3 ಸ್ಪೇಡ್‌ಗೆ ಹಾರಬಹುದು.

ಎದುರಾಳಿ 2 ಹಾರ್ಟ್‌ಗೆ ಡಬಲ್ (ಪಣ ಹೆಚ್ಚಿಸುವ ಕರೆ) ಕೊಟ್ಟರೆ? ಓಪನರ್ ಬಳಿ ಮೂರು ಸ್ಪೇಡ್ ಇದ್ದರೆ ಪೂರೈಸುವುದು, ಎರಡೇ ಇದ್ದರೆ ಪಾಸ್: ಬಹಳ ಜೋಡಿಗಳ ಒಪ್ಪಂದವಿದು. ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ.