ಸಹಾಯ ಬೇಕು: ಅಪ್ಪನಿಗೆ ಯುದ್ಧಕಾಲದ ವಿಮಾನ ಹಾರುವುದನ್ನು ತೋರಿಸಬೇಕು

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ನಮಸ್ಕಾರ. ಜುಲೈನಲ್ಲಿ ಬೆಂಗಳೂರಿನಿಂದ ಅಪ್ಪ ಬರುತ್ತಿದ್ದಾರೆ. ಎಚ್‌ಎಎಲ್‌ನಲ್ಲಿದ್ದು ರಿಟೈರ್ ಆದವರು. ತಾತನೂ ಅಲ್ಲೇ ಇದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿಗೆ ತಂದು ರಿಪೇರಿ ಮಾಡಿದರಲ್ಲ, ಆ ಕೆಲಸದಲ್ಲಿ ತಾತನ ಕೈಯೂ ಇತ್ತು. ಹಾಗಾಗಿ ಅಪ್ಪನಿಗೆ ಈ ವಿಮಾನಗಳೆಂದರೆ ಪ್ರಾಣ. ಮ್ಯೂಸಿಯಂನಲ್ಲಿ ನಿಲ್ಲಿಸಿದ್ದು ಸಾಲದು, ಹಾರುವುದನ್ನೇ ನೋಡಬೇಕು ಅಂತಾರೆ.

ಹೋದ ಬೇಸಿಗೆಯಲ್ಲಿ ಹಳ್ಳಿ ಕಡೆಯ ಒಂದು ಮೇಳದಲ್ಲಿ ನಾನು ಸ್ಪಿಟ್‌ಫೈರ್ ಎಂಬ ಆ ಕಾಲದ ಬ್ರಿಟಿಷ್ ಫೈಟರ್ ವಿಮಾನ ಹಾರುವುದನ್ನು ನೋಡಿದೆ. ಕುರಿ, ಟ್ರ್ಯಾಕ್ಟರ್ ನೋಡುತ್ತಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು. 12 ಸಿಲಿಂಡರಿನ ಮರ್ಲಿನ್ ಎಂಜಿನ್ನಿನ ಸದ್ದು ಎದೆಗೇ ಬಡಿಯಿತು. ವಿಮಾನ ವಾಲಿದಾಗ ರೆಕ್ಕೆಯ ದುಂಡು ಅಂಚು ಬಿಸಿಲಿಗೆ ಹೊಳೆಯಿತು. ಅದೇ ಕಾಲದ ಬ್ರಿಟಿಷ್ ಬಾಂಬರ್ ಲ್ಯಾಂಕಾಸ್ಟರ್‌ನಲ್ಲಿ ಅಂಥ ಎಂಜಿನ್ ನಾಲ್ಕು! ಹಾರುವ ಸ್ಥಿತಿಯಲ್ಲಿ ಉಳಿದಿರುವುದು ಜಗತ್ತಿನಲ್ಲಿ ಎರಡೇ: ಒಂದು ಕೆನಡಾದಲ್ಲಿ, ಇನ್ನೊಂದು ಇಲ್ಲೇ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿ ವಾಯುನೆಲೆಯಲ್ಲಿ. ಅದನ್ನು ಅಪ್ಪನಿಗೆ ತೋರಿಸಲೇಬೇಕು ಅಂತ ಆಸೆ.

ಲ್ಯಾಂಕಾಸ್ಟರ್ ಬರುವ ಮೇಳಕ್ಕೆ ಯಾರಾದರೂ ಹೋಗಿದ್ದೀರಾ? ಇಲ್ಲವಾದರೆ ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್‌ನಲ್ಲಿ ನಡೆಯುವ ಹಳೇ ವಿಮಾನಗಳ ಹಾರಾಟ ಪ್ರದರ್ಶನ ಹೇಗೆ? ಅಲ್ಲಿ ಹುಲ್ಲಿನ ರನ್‌ವೇ, ವಿಮಾನಗಳು ತುಂಬಾ ಹತ್ತಿರ ಕಾಣುತ್ತವೆ. ನನ್ನ ಮನಸ್ಸು ಆ ಕಡೆಗೇ ಜಾಸ್ತಿ ವಾಲಿದೆ.

ಅಪ್ಪನಿಗೆ ಮಂಡಿನೋವು. ಕಾರ್ ನಿಲ್ಲಿಸುವ ಜಾಗದಿಂದ ಎಷ್ಟು ನಡೆಯಬೇಕು? ಮಡಚುವ ಕುರ್ಚಿ ಒಳಗೆ ಬಿಡುತ್ತಾರಾ? ಗಾಳಿ ಜೋರಾದರೆ ಹಾರಾಟ ನಿಲ್ಲಿಸುತ್ತಾರೆ ಅಲ್ವಾ, ಹಾಗಾದಾಗ ನೀವು ಏನು ಮಾಡಿದಿರಿ? ಟಿಕೆಟ್ ಎಷ್ಟು ಮುಂಚೆ ತೆಗೆದುಕೊಂಡರೆ ಒಳ್ಳೆಯದು? ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಿರಿ. ಊಟದ ಚಿಂತೆ ಇಲ್ಲ, ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇವೆ.