ಮೊದಲ ರಿವಾಲ್ವರ್ ಕೊಳ್ಳುವ ಮುನ್ನ ಏನೇನು ತಿಳಿದಿರಬೇಕು?

ಪ್ರಶ್ನೆ: ತೋಟದಮನೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಇಪ್ಪತ್ತೆರಡು ಎಕರೆ ಕಾಫಿ ತೋಟ, ಜೊತೆಗೆ ಮೆಣಸಿದೆ. ಪ್ರತಿ ಶನಿವಾರ ಬಟವಾಡೆಯ ಹಣವನ್ನು ಪೇಟೆಯ ಬ್ಯಾಂಕಿನಿಂದ ನಾನೇ ತರುತ್ತೇನೆ. ಕಳೆದ ಕೊಯ್ಲಿನ ಕಾಲದಲ್ಲಿ ಒಂದು ಸಂಜೆ ಎರಡು ಬೈಕುಗಳು ನನ್ನ ಜೀಪಿನ ಹಿಂದೆಯೇ ತೋಟದ ಗೇಟಿನವರೆಗೆ ಬಂದು, ಆಳುಗಳು ಹೊರಗೆ ಬರುತ್ತಿದ್ದಂತೆ ತಿರುಗಿ ಹೋದವು. ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ತಂದೆಯವರ ಜೋಡುನಳಿಗೆ ಕೋವಿ ಅವರ ಕಾಲಾನಂತರ ನನ್ನ ಹೆಸರಿಗೆ ವರ್ಗವಾಗಿದೆ. ಆದರೆ ಅದನ್ನು ಜೀಪಿನಲ್ಲಿಟ್ಟುಕೊಂಡು ಪೇಟೆಗೆ ಹೋಗಿಬರುವುದು ಆಗದ ಮಾತು. ಆದ್ದರಿಂದ ಕೈಯಲ್ಲಿ ಹಿಡಿಯುವಂಥ ಸಣ್ಣ ಆಯುಧವೊಂದಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ರಿವಾಲ್ವರ್ ಮೇಲೋ, ಪಿಸ್ತೂಲು ಮೇಲೋ? ಹೊಸದನ್ನು ಕೊಳ್ಳಬೇಕೋ, ಪರಿಚಯದವರೊಬ್ಬರು ಕೊಡುತ್ತೇನೆಂದಿರುವ ಹಳೆಯ ವಿದೇಶಿ ರಿವಾಲ್ವರನ್ನು ತೆಗೆದುಕೊಳ್ಳಬಹುದೋ? ನಮ್ಮ ಕಡೆ ಆನೆಗಳ ಓಡಾಟವೂ ಇದೆ, ಅದಕ್ಕೂ ಇದು ಒದಗೀತೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಠಾಣಾಧಿಕಾರಿ

ಆನೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನಾಗರಿಕರು ಸಾಮಾನ್ಯವಾಗಿ ಕೊಳ್ಳುವ .32 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲ, ಇಲ್ಲಿ ಅಂಗುಲದ ಲೆಕ್ಕ) ಗುಂಡು ಆನೆಯನ್ನು ಕೆರಳಿಸೀತೇ ಹೊರತು ತಡೆಯಲಾರದು. ಮೇಲಾಗಿ ಆನೆಗೆ ಗುಂಡು ಹಾರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಂಭೀರ ಅಪರಾಧ. ಅರ್ಜಿಯಲ್ಲಿ ಆನೆಯ ಹೆಸರೆತ್ತಲೇಬೇಡಿ.

ಇನ್ನು ಪರವಾನಗಿ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಎ-1 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ನಿಮ್ಮ ಜಿಲ್ಲೆಯಲ್ಲಿ ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳು, ಬೆಂಗಳೂರು ನಗರದಲ್ಲಾದರೆ ಪೊಲೀಸ್ ಆಯುಕ್ತರು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕು. ಅರ್ಜಿ ಠಾಣೆಗೆ ಬಂದ ಮೇಲೆ ನಿಮ್ಮ ನಡತೆ, ಹಳೆಯ ಪ್ರಕರಣಗಳು, ಮನೆಯ ವಾತಾವರಣ, ನೆರೆಹೊರೆಯ ವ್ಯಾಜ್ಯ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಅಂಥ ವರದಿಗಳನ್ನು ನಾನೂ ಬರೆದಿದ್ದೇನೆ. "ಸ್ವರಕ್ಷಣೆಗಾಗಿ" ಎಂಬ ಒಂದೇ ಪದದ ಅರ್ಜಿಗಳು ಬೇಗ ತಿರಸ್ಕೃತವಾಗುವುದನ್ನು ಕಂಡಿದ್ದೇನೆ. ಯಾವ ದಾರಿಯಲ್ಲಿ, ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಹಣ ತರುತ್ತೀರಿ ಎಂಬುದನ್ನು ಬರೆದು, ದೂರಿನ ಸ್ವೀಕೃತಿಯನ್ನು ಲಗತ್ತಿಸಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬಹುದು, 18ನೇ ಕಲಮಿನಡಿ ಮೇಲ್ಮನವಿಯನ್ನೂ ಸಲ್ಲಿಸಬಹುದು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ತಂದೆಯವರ ಕೋವಿ ಒಂದು, ಇದು ಎರಡು, ಅಲ್ಲಿಗೆ ನಿಮ್ಮ ಮಿತಿ ಮುಗಿಯಿತು.

ಒಂದು ಮಾತನ್ನು ಹಿರಿಯನಾಗಿ ಹೇಳುತ್ತೇನೆ. ಬಟವಾಡೆಯನ್ನು ಕಾರ್ಮಿಕರ ಬ್ಯಾಂಕ್ ಖಾತೆಗೇ ಹಾಕಲು ಸಾಧ್ಯವೇ ಎಂದು ಮೊದಲು ನೋಡಿ. ಜೀಪಿನಲ್ಲಿ ಹಣವೇ ಇಲ್ಲವೆಂದು ಊರಿಗೆಲ್ಲ ತಿಳಿದ ಮೇಲೆ ನಿಮ್ಮನ್ನು ಹಿಂಬಾಲಿಸುವವರು ಕಡಿಮೆಯಾಗುತ್ತಾರೆ. ಅಷ್ಟರ ಮೇಲೂ ಆಯುಧ ಬೇಕೆನಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು ಒಮ್ಮೆ ಕುಳಿತು ಓದಿ. ಆತ್ಮರಕ್ಷಣೆಯ ಹಕ್ಕು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದು ಅಲ್ಲಿದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಿದವರು ಉಳಿದ ಆಯುಷ್ಯವನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಕಳೆಯಬೇಕಾಗಬಹುದು.

ಉತ್ತರ: ಗುರಿಹಲಗೆ

ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರಿಸುತ್ತೇನೆ. ಹಲವು ವರ್ಷಗಳಿಂದ ಗುರಿ ಅಭ್ಯಾಸ ಮಾಡುತ್ತಿದ್ದೇನೆ, ಹೊಸಬರಿಗೂ ಕಲಿಸುತ್ತೇನೆ.

9 ಮಿ.ಮೀ. ಪಿಸ್ತೂಲು ನಮ್ಮ ದೇಶದಲ್ಲಿ ನಿಷೇಧಿತ ಬೋರಿನದು. ಸಾಮಾನ್ಯ ನಾಗರಿಕರು ಹೆಚ್ಚಾಗಿ ಕೊಳ್ಳುವುದು .32 ಬೋರಿನದನ್ನೇ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ: .32 ರಿವಾಲ್ವರಿನ ತೋಟಾ (ಕಾರ್ಟ್ರಿಡ್ಜ್) ಬೇರೆ, .32 ಪಿಸ್ತೂಲಿನ ತೋಟಾ ಬೇರೆ. ರಿವಾಲ್ವರಿನದು ಉದ್ದ, ಪಿಸ್ತೂಲಿನದು ಗಿಡ್ಡ. ಹೆಸರು ಒಂದೇ ಎಂದು ಒಂದರದನ್ನು ಇನ್ನೊಂದಕ್ಕೆ ತುಂಬಬಾರದು. ಅಂಗಡಿಯಲ್ಲಿ ತೋಟಾದ ಪೆಟ್ಟಿಗೆಯ ಮೇಲಿನ ಬರಹವನ್ನು ನೀವೇ ಓದಿ ತೆಗೆದುಕೊಳ್ಳಿ.

ಮೊದಲ ಆಯುಧವಾಗಿ ನಾನು ರಿವಾಲ್ವರನ್ನೇ ಹೇಳುತ್ತೇನೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಹೊರಗೆ ತೆಗೆದ ಮೇಲೂ ನಳಿಗೆಯ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು, ಅದನ್ನು ಮರೆತೇ ಎಷ್ಟೋ ಅನಾಹುತಗಳಾಗುತ್ತವೆ. ಕಾನ್ಪುರದಲ್ಲಿ ತಯಾರಾಗುವ ನಮ್ಮ .32 ರಿವಾಲ್ವರಿನ ನಳಿಗೆಯನ್ನು ಮುಂದಕ್ಕೆ ಬಗ್ಗಿಸಿದರೆ ಆರು ಕೋಣೆಗಳೂ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ, ತುಂಬಿದೆಯೋ ಖಾಲಿಯೋ ಎಂಬ ಸಂಶಯಕ್ಕೆ ಎಡೆಯಿಲ್ಲ. ತೂಕ ಕಡಿಮೆಯಿರಲೆಂದು 2014ರಲ್ಲಿ ಅಲ್ಲಿಂದಲೇ "ನಿರ್ಭೀಕ್" ಎಂಬ ಸುಮಾರು 500 ಗ್ರಾಮಿನ ರಿವಾಲ್ವರ್ ಬಂತು. ಆಗಲೇ ಅದರ ಬೆಲೆ 1 ಲಕ್ಷ 20 ಸಾವಿರ ರೂಪಾಯಿ ದಾಟಿತ್ತು. ಆದರೆ ಹಗುರವಾದದ್ದು ಕೈಗೆ ಹೆಚ್ಚು ಒದೆಯುತ್ತದೆ ಎಂಬುದನ್ನೂ ನೆನಪಿಡಿ.

ಹಳೆಯ ವಿದೇಶಿ ರಿವಾಲ್ವರಿನ ವಿಷಯದಲ್ಲಿ ನನಗೆ ಉತ್ಸಾಹವಿಲ್ಲ. ಆಮದಿಗೆ ಇರುವ ನಿರ್ಬಂಧದಿಂದಾಗಿ ಅವುಗಳ ಬೆಲೆ ಗುಣಕ್ಕೆ ಸಂಬಂಧವೇ ಇಲ್ಲದಂತೆ ಏರಿದೆ. ಆದರೂ ನೋಡಲೇಬೇಕೆಂದರೆ, ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಬಿಳಿಯ ಕಾಗದವೊಂದನ್ನು ಹಿಂಬದಿಗೆ ಹಿಡಿದು ಬೆಳಕಿನೆದುರು ನಳಿಗೆಯೊಳಗೆ ನೋಡಿ. ತಿರುಪಿನ ಗೆರೆಗಳು ಚೂಪಾಗಿ ಹೊಳೆಯಬೇಕು, ಕಪ್ಪು ಚುಕ್ಕಿಗಳಿದ್ದರೆ ತುಕ್ಕು ಒಳಗೆ ತಿಂದಿದೆ ಎಂದರ್ಥ. ಹ್ಯಾಮರನ್ನು (ತೋಟಾಕ್ಕೆ ಬಡಿಯುವ ಸುತ್ತಿಗೆ) ಹಿಂದಕ್ಕೆಳೆದು ನಿಲ್ಲಿಸಿ ಸಿಲಿಂಡರನ್ನು (ತೋಟಾದ ಕೋಣೆಗಳಿರುವ ತಿರುಗುವ ಉರುಳೆ) ಬೆರಳಿನಿಂದ ಅಲುಗಾಡಿಸಿ. ಗಡಗಡ ಅಲುಗಾಡಿದರೆ ಕೋಣೆಯೂ ನಳಿಗೆಯೂ ಸರಿಯಾಗಿ ಕೂಡುತ್ತಿಲ್ಲ, ಅಂಥದ್ದನ್ನು ಕೊಳ್ಳಬೇಡಿ. ಆಯುಧದ ಮೇಲೆ ಕೆತ್ತಿದ ಸಂಖ್ಯೆಯೂ ಮಾರುವವರ ಪರವಾನಗಿಯಲ್ಲಿನ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು. ಅಧಿಕಾರಿಗಳಿಗೆ ಮೊದಲೇ ಲಿಖಿತವಾಗಿ ತಿಳಿಸದೆ ಪರಿಚಯದ ಮೇಲೆ ಕೈ ಬದಲಾಯಿಸಿದರೆ ಇಬ್ಬರೂ ಅಪರಾಧಿಗಳಾಗುತ್ತೀರಿ.

ಕೊಂಡ ಮೇಲೆ ಕಲಿಯುತ್ತೇನೆ ಎನ್ನಬೇಡಿ. ಜೋಡುನಳಿಗೆಯಲ್ಲಿ ಈಡು ಹೊಡೆದು ಪಳಗಿದ ಬೆಳೆಗಾರರೊಬ್ಬರು ನಮ್ಮಲ್ಲಿಗೆ ಮೊದಲ ಸಲ ಬಂದಿದ್ದರು. ಹತ್ತು ಮೀಟರ್ ದೂರದಲ್ಲಿ ಹಲಗೆ. ಹಾರಿಸಿದ ಆರರಲ್ಲಿ ನಾಲ್ಕು ಗುಂಡುಗಳು ಹಲಗೆಯ ಕೆಳಗಿನ ಮಣ್ಣಿಗೆ ಹೋದವು. ಸದ್ದನ್ನು ನಿರೀಕ್ಷಿಸುತ್ತಲೇ ಟ್ರಿಗರ್ ಎಳೆಯುತ್ತಿದ್ದುದರಿಂದ ಮಣಿಕಟ್ಟು ಒಂದು ಕ್ಷಣ ಮೊದಲೇ ಕೆಳಗೆ ಬಾಗುತ್ತಿತ್ತು. ಭುಜಕ್ಕೆ ಆನಿಸಿದ ಕೋವಿ ಮನ್ನಿಸುವ ತಪ್ಪನ್ನು ಕೈಯಲ್ಲಿ ಹಿಡಿದದ್ದು ಮನ್ನಿಸುವುದಿಲ್ಲ. ಗುರಿ ಹಿಡಿದು ಹಾರಿಸಲು ನಿರ್ಧರಿಸುವವರೆಗೂ ಬೆರಳು ಟ್ರಿಗರಿನ ಹೊರಗೇ ಇರಲಿ. ಗುಂಡು ಹಾರದೆ ಬರಿಯ ಟಕ್ ಎಂದರೆ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಬೇಕು, ಏಕೆಂದರೆ ಕೆಲವೊಮ್ಮೆ ತೋಟಾ ತಡವಾಗಿ ಹೊತ್ತಿಕೊಳ್ಳುತ್ತದೆ.

ಉತ್ತರ: ಕಕ್ಕಬೆಯವನು

ನಾನು ಕೊಡಗಿನವನು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿಯ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ, ಆದರೆ ಅದು ಗಡಿಯಾಚೆಯ ಹಾಸನ ಜಿಲ್ಲೆಯ ಬೆಳೆಗಾರರಿಗೆ ಅನ್ವಯಿಸುವುದಿಲ್ಲ. ಪಕ್ಕದ ಜಿಲ್ಲೆಯವರು ಹೀಗೆಂದರು ಎಂದು ಯಾರ ಮಾತನ್ನೂ ನಂಬಬೇಡಿ.

ಮೇಲಿನ ಇಬ್ಬರೂ ಹೆಚ್ಚು ಹೇಳದೆ ಬಿಟ್ಟದ್ದು ಮನೆಯೊಳಗಿನ ವಿಷಯ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ದಿನ ನಾವು ಆಯುಧಗಳನ್ನು ಒರೆಸಿ, ತೋಕ್‌ಪೂ (ಕೋವಿ ಹೂವು) ಮುಡಿಸಿ, ಕನ್ನಿ ಕೊಂಬರೆಯಲ್ಲಿಟ್ಟು (ಮನೆಯ ಪೂಜೆಯ ಕೋಣೆ) ಪೂಜಿಸುತ್ತೇವೆ. ಅದಕ್ಕೂ ಮೊದಲು ತಂದೆಯವರು ಪ್ರತಿಯೊಂದನ್ನೂ ತೆರೆದು, ಖಾಲಿ ಎಂದು ಮನೆಮಂದಿಗೆಲ್ಲ ತೋರಿಸುತ್ತಿದ್ದರು. ನನಗೆ ಕಲಿಸಿದ ಮೊದಲ ಪಾಠ ಅದೇ. ಆಯುಧವನ್ನು ಕೈಗೆ ತೆಗೆದುಕೊಂಡ ಪ್ರತಿ ಸಲವೂ, ಕೊಟ್ಟವರು ಖಾಲಿ ಎಂದು ಹೇಳಿದ್ದರೂ, ನೀವೇ ತೆರೆದು ನೋಡಿ.

ನಮ್ಮ ಮಲೆನಾಡಿನ ಮಳೆ ಕಬ್ಬಿಣಕ್ಕೆ ಶತ್ರು. ನೆಂಟರೊಬ್ಬರು ರಿವಾಲ್ವರನ್ನು ಚರ್ಮದ ಚೀಲದೊಳಗೇ ಇಟ್ಟು, ಬೀರುವಿನಲ್ಲಿ ಸೀರೆಗಳ ನಡುವೆ ಬಚ್ಚಿಟ್ಟಿದ್ದರು. ಆಷಾಢ ಕಳೆದು ತೆಗೆದಾಗ ಚರ್ಮ ತಾಗಿದ ಕಡೆಯೆಲ್ಲ ತುಕ್ಕು ಕೆಂಪಾಗಿ ಕಚ್ಚಿತ್ತು, ಸಿಲಿಂಡರ್ ತಿರುಗಲೇ ಇಲ್ಲ. ಅದಕ್ಕಿಂತ ಭಯವಾದದ್ದು, ಅವರ ಎಂಟು ವರ್ಷದ ಮೊಮ್ಮಗಳಿಗೆ ಅದು ಎಲ್ಲಿದೆ ಎಂದು ಮೊದಲಿನಿಂದಲೂ ಗೊತ್ತಿತ್ತು ಎಂಬುದು. ಚರ್ಮದ ಚೀಲ ಒಯ್ಯುವುದಕ್ಕೆ ಮಾತ್ರ. ಮನೆಯಲ್ಲಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ಬಿಗಿದ ಸಣ್ಣ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ಮದುವೆ ಮನೆಯಲ್ಲಿ ಸಂತೋಷಕ್ಕೊಂದು ಗುಂಡು ಎಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. 2019ರ ತಿದ್ದುಪಡಿಯಲ್ಲಿ ಅದಕ್ಕೆ ಎರಡು ವರ್ಷದವರೆಗಿನ ಸೆರೆವಾಸ, ಅಥವಾ ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ ಇವೆ.

ಪ್ರಶ್ನೆ ಕೇಳಿದವರು: ತೋಟದಮನೆ

ಮೂವರಿಗೂ ತುಂಬು ಹೃದಯದ ಧನ್ಯವಾದಗಳು. ಹಳೆಯ ರಿವಾಲ್ವರಿನ ಯೋಚನೆಯನ್ನು ಬಿಟ್ಟಿದ್ದೇನೆ. ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಖಾತೆಗಳಿವೆ, ಉಳಿದವರಿಗೆ ಈ ತಿಂಗಳೇ ಮಾಡಿಸುತ್ತೇನೆ. ಇನ್ನೊಂದು ಸಂದೇಹ: ನಾನು ಊರಲ್ಲಿಲ್ಲದ ದಿನ ನನ್ನ ಹೆಂಡತಿಯೋ ನಂಬಿಕೆಯ ಡ್ರೈವರೋ ಅದನ್ನು ಜೊತೆಗಿಟ್ಟುಕೊಳ್ಳಬಹುದೇ? ಚುನಾವಣೆ ಬಂದಾಗ ಏನು ಮಾಡಬೇಕು?

ಉತ್ತರ: ನಿವೃತ್ತ ಠಾಣಾಧಿಕಾರಿ

ಪರವಾನಗಿಯಲ್ಲಿ ಯಾರ ಹೆಸರಿದೆಯೋ ಅವರೇ ಒಯ್ಯಬೇಕು. ಡ್ರೈವರ್ ಎಷ್ಟೇ ನಂಬಿಕಸ್ಥನಾಗಿದ್ದರೂ ಅವನ ಕೈಗೆ ಕೊಟ್ಟರೆ ಅವನನ್ನು ಅಪಾಯಕ್ಕೆ ತಳ್ಳಿದಂತಾಗುತ್ತದೆ. ನಿಮ್ಮ ಪತ್ನಿಯವರಿಗೆ ಅಗತ್ಯವಿದ್ದರೆ ಅವರೇ ಪ್ರತ್ಯೇಕ ಅರ್ಜಿ ಹಾಕಿ, ಪ್ರತ್ಯೇಕ ತರಬೇತಿ ಪಡೆಯಬೇಕು. ಪರವಾನಗಿ ಜಿಲ್ಲೆಗೆ ಸೀಮಿತವೋ, ರಾಜ್ಯಕ್ಕೆಲ್ಲವೋ ಎಂಬುದು ಅದರಲ್ಲೇ ನಮೂದಾಗಿರುತ್ತದೆ, ಆ ಎಲ್ಲೆ ದಾಟಿ ಒಯ್ಯಬೇಡಿ. ಚುನಾವಣೆ ಘೋಷಣೆಯಾದಾಗ ಠಾಣೆಯಿಂದ ಕರೆ ಬಂದರೆ ಆಯುಧವನ್ನು ಖಾಲಿ ಮಾಡಿ, ಎಣ್ಣೆ ಸವರಿ, ಪರವಾನಗಿಯೊಂದಿಗೆ ಒಯ್ದು ಠೇವಣಿ ಇಡಿ. ರಸೀದಿಯಲ್ಲಿ ಆಯುಧದ ಸಂಖ್ಯೆ ಮತ್ತು ತೋಟಾಗಳ ಎಣಿಕೆ ಸರಿಯಾಗಿ ಬರೆದಿದ್ದಾರೆಯೇ ಎಂದು ಅಲ್ಲೇ ನಿಂತು ಓದಿಕೊಳ್ಳಿ, ಮರಳಿ ಪಡೆಯುವಾಗ ಅದೇ ರಸೀದಿ ಬೇಕಾಗುತ್ತದೆ.