ಬೈರಮಂಗಲದ ಮೀನು ಕೊಂದವರು ಯಾರು? ಬ್ಯಾಚ್ ಗುಂಪಿನಲ್ಲಿ ಒಂದು ಜಗಳ

ಹೆಗಡೆ, ಬೆಳಗ್ಗೆ 7:42
[ಪಿಡಿಎಫ್, 64 ಪುಟ]
ಮಾಲಿನ್ಯದ ಮೇಲೆ ಒಂದು ಪತ್ತೇದಾರಿ ಕಥೆ. ಇನ್ನೂ ಅಚ್ಚಾಗಿಲ್ಲ, ಬರೆದವರು ಅಭಿಪ್ರಾಯ ಕೇಳ್ತಿದಾರೆ. ಪೀಣ್ಯದ ಕ್ರೋಮ್ ಪ್ಲೇಟಿಂಗ್ ಕಾರ್ಖಾನೆಯವರು ರಾತ್ರಿ 2ಕ್ಕೆ ವೃಷಭಾವತಿ ಹೊಳೆಗೆ ಒಂದು ಟ್ಯಾಂಕರ್ ಖಾಲಿ ಮಾಡ್ತಾರೆ. 5ಕ್ಕೆ ಬೈರಮಂಗಲ ಕೆರೆ ತುಂಬ ಸತ್ತ ಮೀನು. ಮಾಲಿನ್ಯ ನಿಯಂತ್ರಣ ಮಂಡಳಿ ಅಧಿಕಾರಿಯ ಹೆಣ ಅದೇ ಕಾರ್ಖಾನೆಯ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಣ ಘಟಕ) ಟ್ಯಾಂಕಲ್ಲಿ. ಪತ್ತೇದಾರಿಣಿ ಬಿಸ್ಲೇರಿ ಬಾಟ್ಲಲ್ಲಿ ಕೆರೆ ನೀರು ತುಂಬಿ, ಕ್ರೋಮಿಯಂ ಪತ್ತೆ ಮಾಡಿ, ಮಾಲೀಕನನ್ನ ಹಿಡೀತಾಳೆ. ಒಂದೇ ಕೂತಲ್ಲಿ ಓದಿ ಮುಗಿಸಿದೆ ಮಾರಾಯ.

ಮಂಜು, 8:05
ಪೀಣ್ಯದಿಂದ ಬೈರಮಂಗಲಕ್ಕೆ ಮೂರು ಗಂಟೇಲಿ? ನೀರು ನೈಸ್ ರೋಡ್ ಹಿಡ್ಕೊಂಡು ಹೋಯ್ತಾ?

ಮಂಜು, 8:09
ಹೊಳೆ ದಾರೀಲಿ 35 ಕಿ.ಮೀ.ಗಂತೂ ಕಮ್ಮಿ ಇಲ್ಲ. ಬೇಸಿಗೆ ಹರಿವು ಸೆಕೆಂಡಿಗೆ ಅರ್ಧ ಮೀಟರ್ ಹಿಡ್ಕೋ, ಗಂಟೆಗೆ 1.8 ಕಿ.ಮೀ. ಹತ್ತೊಂಬತ್ತು ಗಂಟೆ ಬೇಕು. ರಾತ್ರಿ 2ಕ್ಕೆ ಸುರಿದಿದ್ದು ಅವತ್ತು ರಾತ್ರಿ 9ಕ್ಕೆ ತಲುಪುತ್ತೆ. ಮೂರು ಗಂಟೇಲಿ ಬರಬೇಕಾದ್ರೆ ಸೆಕೆಂಡಿಗೆ ಮೂರು ಮೀಟರ್ ಮೇಲೆ ಓಡಬೇಕು, ಅದು ಪ್ರವಾಹದ ವೇಗ.

ಹೆಗಡೆ, 8:15
ಅದೊಂದು ಗಂಟೆ ಬದಲಾಯಿಸಿದ್ರೆ ಆಯ್ತಪ್ಪ. ಕಥೆ ಓದೋನು ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂರ್ತಾನಾ?

ಬಸು, 8:31
ಗಂಟೆ ಬಿಡ್ಲೇ. ಮೀನ ಸತ್ತಿದ್ದು ನಸುಕಿನ್ಯಾಗ, ಅದೂ ದೊಡ್ಡ ಕಾಟ್ಲಾ, ಬಾಯಿ ತಗದು ಕಿವಿರು ಅಗಲ ಮಾಡಿ. ಮೂರನೇ ಪುಟದಾಗ ಬರದಾರ ನೋಡು, "ಕ್ಯಾಟ್‌ಫಿಶ್ ಮಾತ್ರ ಇನ್ನೂ ಒದ್ದಾಡ್ತಿದ್ದವು." ಇಷ್ಟಕ್ಕ ತೀರ್ಪು ಮುಗೀತು. ಇದು ಆಮ್ಲಜನಕದ ಸಾವು, ವಿಷದ್ದಲ್ಲ.

ಪಾಚಿ ಹಗಲ ಆಮ್ಲಜನಕ ಬಿಡತೈತಿ, ರಾತ್ರಿ ತಾನ ಉಸಿರಾಡಿ ತಗೋತೈತಿ. ಕೆಳಗ ಕೊಳಚಿನೂ ತಿನ್ನತೈತಿ. ಮಧ್ಯಾಹ್ನ 3ಕ್ಕ ಡಿಒ, ಅಂದ್ರ ನೀರಾಗ ಕರಗಿದ ಆಮ್ಲಜನಕ, ಲೀಟರಿಗೆ 12 ಮಿಲಿಗ್ರಾಂ ಇದ್ದ ಕೆರ್ಯಾಗ ಬೆಳಗಿನ 5ಕ್ಕ ಸೊನ್ನೆ ಇರಬಹುದು. 2ರ ಕೆಳಗ ಇಳದ್ರ ಕಾಟ್ಲಾ, ರೋಹು ಹೋಗ್ತಾವು, ದೊಡ್ಡವು ಮೊದಲು. ಗಾಳಿ ಕುಡಿಯೋ ಕ್ಯಾಟ್‌ಫಿಶ್, ಕೊರವ ಉಳೀತಾವು. ವಿಷ ಆಗಿದ್ರ ಸಣ್ಣ ಮರಿ ಮೊದಲು ಸಾಯಬೇಕಿತ್ತು, ಹೊತ್ತು ಗೊತ್ತು ಇಲ್ಲದ. 2016ರ ಮಾರ್ಚ್‌ನಾಗ ಹಲಸೂರು ಕೆರ್ಯಾಗ ರಾಶಿ ರಾಶಿ ಮೀನ ತೇಲಿದಾಗೂ ಇದ ಕಾರಣ ಮುಂದ ಬಂದಿತ್ತು.

(ಬೈರಮಂಗಲದ ಆ ನೀರಾಗ ಕಾಟ್ಲಾ ದೊಡ್ಡದಾಗೋತನಕ ಬದುಕಿತ್ತು ಅನ್ನೋದ ಮೊದಲನೇ ಸಂಶಯ. ಹೋಗ್ಲಿ.)

ಹೆಗಡೆ, 8:40
ಅಂದ್ರೆ ಮಾಲೀಕ ನಿರಪರಾಧಿನಾ?

ಸವಿತಾ, 8:52
ಮೀನಿನ ವಿಷಯದಲ್ಲಿ ಹೌದು ಕಣೋ. ಲೆಕ್ಕ ನೋಡು. ಪ್ಲೇಟಿಂಗ್‌ನಿಂದ ಚರಂಡಿಗೆ ಹೋಗೋದು ರಿನ್ಸ್ ನೀರು, ಅಂದ್ರೆ ಪ್ಲೇಟ್ ಆದ ಮಾಲು ತೊಳೆದದ್ದು. ಲೀಟರಿಗೆ 100 ಮಿ.ಗ್ರಾಂ ಕ್ರೋಮಿಯಂ ಅಂತಿಟ್ಕೊ. 10,000 ಲೀಟರ್ ಟ್ಯಾಂಕರ್‌ನಲ್ಲಿ ಒಟ್ಟು 1 ಕೆ.ಜಿ. ಅದು 10 ಕೋಟಿ ಲೀಟರ್ ನೀರಿಗೆ ಬಿದ್ರೆ ಲೀಟರಿಗೆ 0.01 ಮಿ.ಗ್ರಾಂ. ಕುಡಿಯೋ ನೀರಿನ ಮಿತಿನೇ 0.05. ಮೀನು ಸಾಯೋಕೆ ಹತ್ತಾರು ಮಿ.ಗ್ರಾಂ ಬೇಕು.

ಹೆಗಡೆ, 8:58
ರಿನ್ಸ್ ನೀರು ಅಂತ ಕಥೇಲಿ ಎಲ್ಲಿದೆ? ಕೆಟ್ಟ ಬಾತನ್ನೇ, ಪ್ಲೇಟಿಂಗ್ ತೊಟ್ಟಿಯ ದ್ರಾವಣವನ್ನೇ, ಸುರಿದ ಅಂದ್ಕೊ.

ಮಂಜು, 9:10
ಬಾತಲ್ಲಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತೆ, ಅದರಲ್ಲಿ ಕ್ರೋಮಿಯಂ 130 ಗ್ರಾಂ. ಟ್ಯಾಂಕರ್ ತುಂಬ ಅಂದ್ರೆ 1,300 ಕೆ.ಜಿ. ಅಷ್ಟು ದುಡ್ಡನ್ನ ಮೋರಿಗೆ ಯಾರು ಸುರೀತಾರೆ? ಕಬ್ಬಿಣ, ತಾಮ್ರ ಸೇರಿ ಬಾತ್ ಕೆಟ್ಟಿದೆ ಅಂದ್ರೂ ಸಣ್ಣ ಶೆಡ್‌ನ ಟ್ಯಾಂಕೇ ಒಂದೆರಡು ಸಾವಿರ ಲೀಟರ್. ಟ್ಯಾಂಕರ್ ತುಂಬಲ್ಲ.

ಸವಿತಾ, 9:14
ಸುರಿದ್ರೂ ಪತ್ತೇದಾರಿಣಿಗೆ ಕೆರೆಯಲ್ಲಿ ಹೆಕ್ಸಾವೇಲೆಂಟ್, ಅಂದ್ರೆ ಆರರ ಸ್ಥಿತಿಯ ವಿಷಕಾರಿ ಕ್ರೋಮಿಯಂ, ಸಿಗಲ್ಲ. ವೃಷಭಾವತಿಯಂಥ ಕಪ್ಪು, ಕೊಳೆತ ನೀರಲ್ಲಿ ಸಲ್ಫೈಡೂ ಸಾವಯವ ಕೊಳೆಯೂ ತುಂಬಿರುತ್ತೆ. ಆರರ ಕ್ರೋಮಿಯಂ ದಾರೀಲೇ ಅಷ್ಟು ವಿಷವಿಲ್ಲದ ಮೂರಕ್ಕೆ ಇಳಿದು ಕೆಸರಲ್ಲಿ ಕೂರುತ್ತೆ. ಹುಡುಕಬೇಕಾದ್ದು ಕೆರೆಯ ಹೂಳಲ್ಲಿ, ಒಟ್ಟು ಕ್ರೋಮಿಯಂ. ಇಲ್ಲಾಂದ್ರೆ ಪೀಣ್ಯದ ಬೋರ್‌ವೆಲ್‌ನಲ್ಲಿ. ಅಂತರ್ಜಲದಲ್ಲಿ ಕೊಳೆ ಕಮ್ಮಿ, ಆರು ಆರಾಗೇ ವರ್ಷಗಟ್ಟಲೆ ಉಳಿಯುತ್ತೆ. ಬಕೆಟ್ಟಿಗೆ ಹಿಡಿದಾಗ ನೀರು ಹಳದಿ ಅಂತ ಕಣ್ಣಿಗೇ ಕಾಣುತ್ತೆ.

ಇನ್ನೊಂದು. ಅವಳು ಬಾಟ್ಲಿಗೆ "ಕೆಡದಿರಲಿ ಅಂತ" ನೈಟ್ರಿಕ್ ಆಸಿಡ್ ಹಾಕ್ತಾಳೆ. ಒಟ್ಟು ಲೋಹಕ್ಕೆ ಸರಿ, ಪಿಎಚ್ 2ರ ಕೆಳಗೆ. ಆದ್ರೆ ಕೊಳೆ ಇರೋ ನೀರಿಗೆ ಆಸಿಡ್ ಬಿದ್ರೆ ಹೆಕ್ಸಾವೇಲೆಂಟ್ ಬಾಟ್ಲಿಯಲ್ಲೇ ಮಾಯ. ಅದನ್ನ ಏನೂ ಹಾಕದೆ 4 ಡಿಗ್ರಿ ಐಸಲ್ಲಿಟ್ಟು 24 ಗಂಟೆಯೊಳಗೆ ನೋಡ್ಬೇಕು. ಆಸಿಡ್ ಹಾಕೋದು ಪರೀಕ್ಷೆ ಮಾಡೋ ಹೊತ್ತಿಗೆ, ಡೈಫಿನೈಲ್ ಕಾರ್ಬಜೈಡ್ ಜೊತೆ. ನೇರಳೆಗೆಂಪು ಬಣ್ಣ ಬರುತ್ತೆ, 5ರಿಂದ 10 ನಿಮಿಷದಲ್ಲಿ 540 ನ್ಯಾನೋಮೀಟರ್ ಬೆಳಕಲ್ಲಿ ಓದ್ಬೇಕು. ತನ್ನ ಸಾಕ್ಷಿಯನ್ನ ತಾನೇ ಅಳಿಸಿದಾಳೆ ಮಹಾತಾಯಿ.

ರಫೀಕ್, 9:33
ಅಳಿಸದಿದ್ರೂ ಕೋರ್ಟಲ್ಲಿ ನಿಲ್ಲಲ್ಲ. 1974ರ ಜಲ ಕಾಯ್ದೆ, 21ನೇ ಕಲಂ. ಮಂಡಳಿ ಅಥವಾ ಮಂಡಳಿ ಅಧಿಕಾರ ಕೊಟ್ಟ ಅಧಿಕಾರಿ ಮಾದರಿ ತೆಗೀಬೇಕು. ಅಲ್ಲೇ ಮಾಲೀಕ ಅಥವಾ ಅವನ ಏಜೆಂಟ್‌ಗೆ ನೋಟಿಸ್ ಕೊಡಬೇಕು. ಅವನೆದುರೇ ಮಾದರಿ ಎರಡು ಭಾಗ, ಎರಡಕ್ಕೂ ಗುರುತು, ಸೀಲು, ಇಬ್ಬರ ಸಹಿ. ಅವನು ಬೇಕಂತ ತಪ್ಪಿಸ್ಕೊಂಡ್ರೆ ಅಧಿಕಾರಿಯ ಸಹಿಯಲ್ಲೇ ಲ್ಯಾಬಿಗೆ. ತೆಗೆಯೋದೂ ಕಾರ್ಖಾನೆಯ ಔಟ್‌ಲೆಟ್‌ನಲ್ಲಿ. ಮೂವತ್ತೈದು ಕಿ.ಮೀ. ಕೆಳಗಿನ ಕೆರೆ ನೀರು ಯಾರದು ಅಂತ ಯಾವ ವಕೀಲನೂ ಕೇಳ್ತಾನೆ.

ಹೆಗಡೆ, 9:41
ಈ ಸಂದೇಶವನ್ನು ಅಳಿಸಲಾಗಿದೆ

ಹೆಗಡೆ, 9:43
ಸರಿ. ನಿಮ್ಮ ಪ್ರಕಾರ ಕಥೆಯಲ್ಲಿ ಮೀನಿಲ್ಲ, ವಿಷವಿಲ್ಲ, ಬಾಟ್ಲಿಯಿಲ್ಲ. ಉಳಿದಿದ್ದೇನು, ಕಲಂ 21? ಯಾರು ಓದ್ತಾರೆ ಮಾರಾಯ ಅದನ್ನ?

ಬಸು, 9:50
ಮೀನ ಇರಲಿ ಅಂತನ ನಾ ಹೇಳೋದು! ದಾರಿ ತಪ್ಪಿಸಾಕ. ಊರೆಲ್ಲ ಮೀನ ನೋಡ್ಕೋತ ಕಾರ್ಖಾನಿಗೆ ಬೈಯಲಿ. ಆಕಿ ಅಷ್ಟೊತ್ನ್ಯಾಗ 300 ಮಿ.ಲೀ. ಬಿಒಡಿ ಬಾಟ್ಲ್ಯಾಗ (ಆಮ್ಲಜನಕ ಅಳಿಯೋ ಬಾಟ್ಲಿ) ಗುಳ್ಳಿ ಬರದಂಗ ನೀರ ತುಂಬ್ಲಿ. 2 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, 2 ಮಿ.ಲೀ. ಆಲ್ಕಲಿ ಅಯೊಡೈಡ್ ಅಜೈಡ್ ಹಾಕಿ ಅಲ್ಲೇ ದಂಡಿಮ್ಯಾಗ ತಿರುವಿ ಹಾಕ್ಲಿ. ಆಮ್ಲಜನಕ ಇದ್ರ ಕಂದು ಗಸಿ, ಇರಲಿಲ್ಲಂದ್ರ ಬೆಳ್ಳಗ. ಗಸಿ ಬೆಳ್ಳಗ ಬಂತಂದ್ರ ಆಕಿಗೆ ಗೊತ್ತು, ಮೀನಿನ ಕೊಲೆಗಾರ ಬ್ಯಾರೆ, ಮನುಷ್ಯಾನ ಕೊಲೆಗಾರ ಬ್ಯಾರೆ.

ಮಂಜು, 10:12
ಮಾಲೀಕನನ್ನ ಹಿಡಿಯೋಕೆ ನೀರೇ ಬೇಡ, ಅವನ ಸ್ಟೋರ್ಸ್ ಲೆಡ್ಜರ್ ಸಾಕು. ಇಡೀ ಕಥೆ ಅಲ್ಲಿದೆ.

100 ಕೆ.ಜಿ. ಕ್ರೋಮಿಕ್ ಆಸಿಡ್ ತಂದ, ಅದರಲ್ಲಿ ಕ್ರೋಮಿಯಂ 52 ಕೆ.ಜಿ. ಡೆಕೊರೇಟಿವ್ ಪದರ ಅರ್ಧ ಮೈಕ್ರಾನ್ ಹಿಡಿ, ಚದರ ಮೀಟರ್‌ಗೆ 3.6 ಗ್ರಾಂ. 2,000 ಚ.ಮೀ. ಪ್ಲೇಟ್ ಮಾಡಿದ್ರೂ 7 ಕೆ.ಜಿ. ಮಾತ್ರ ಮಾಲಿಗೆ ಹತ್ತಿದ್ದು. ಬಾತಿನ ಕ್ರೋಮಿಯಂ ಮಟ್ಟ ಮೊದಲಿನಷ್ಟೇ ಇದ್ರೆ ಉಳಿದ 45 ಕೆ.ಜಿ. ರಿನ್ಸ್‌ಗೆ ಹೋಗಿದೆ. ಅದನ್ನ ಇಟಿಪಿಯಲ್ಲಿ ಆರರಿಂದ ಮೂರಕ್ಕೆ ಇಳಿಸೋಕೆ ಕೆ.ಜಿ.ಗೆ 2.75 ಕೆ.ಜಿ. ಸೋಡಿಯಂ ಮೆಟಾಬೈಸಲ್ಫೈಟ್ ಬೇಕು, ಅದು ಪುಸ್ತಕದ ಲೆಕ್ಕ, ನಿಜವಾಗಿ ಇನ್ನೂ ಜಾಸ್ತಿ. ಅಂದ್ರೆ 25 ಕೆ.ಜಿ. ಚೀಲ ಐದಾದ್ರೂ ಖರ್ಚಾಗಿರಬೇಕು. ಲೆಡ್ಜರ್‌ನಲ್ಲಿ ಒಂದೇ ಚೀಲ ಇದ್ರೆ?

ಹೆಗಡೆ, 10:15
ಬಿಲ್ ದುಡ್ಡಿಗೆ ಸಿಗುತ್ತೆ. ಐದು ಚೀಲದ ಬಿಲ್ ಇಟ್ಟಿರ್ತಾನೆ.

ಮಂಜು, 10:24
ಇಟ್ಕೊಳ್ಲಿ. ಸ್ಲಡ್ಜ್, ಇಟಿಪಿಯಲ್ಲಿ ಉಳಿಯೋ ಕೆಸರು, ಎಲ್ಲಿ? 45 ಕೆ.ಜಿ. ಕ್ರೋಮಿಯಂ ಅಂದ್ರೆ ಒಣ ಹೈಡ್ರಾಕ್ಸೈಡ್ ಸುಮಾರು 90 ಕೆ.ಜಿ. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿದ ಕೇಕ್‌ನಲ್ಲಿ ನೂರಕ್ಕೆ ಮೂವತ್ತು ಗಟ್ಟಿ ಅಂದ್ರೂ 300 ಕೆ.ಜಿ. ಹಸಿರು ಕೇಕ್. ಸುಣ್ಣ ಹಾಕಿದ್ರೆ ಇನ್ನೂ ಮೇಲೆ.

ರಫೀಕ್, 10:29
ಅದಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಇರಬೇಕು. 90 ದಿನಕ್ಕಿಂತ ಹೆಚ್ಚು ಶೆಡ್ಡಲ್ಲಿ ಇಡಂಗಿಲ್ಲ. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಹೋಗಿದ್ರೆ ಅಲ್ಲಿ ತೂಕದ ಚೀಟಿ ಇರುತ್ತೆ, ಅದು ಮಾಲೀಕನ ಕೈಲಿಲ್ಲ. ಆ ಅಧಿಕಾರಿ ಈ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದ ಅಂದ್ರೆ ಕೊಲೆಗೆ ಕಾರಣ ಸಿಕ್ತು. ಜಲ ಕಾಯ್ದೆಯ 33ಎ ಕೆಳಗೆ ಕರೆಂಟ್ ಕಟ್, ಕಾರ್ಖಾನೆ ಬಂದ್.

ಹೆಗಡೆ, 10:34
ಇದು ಚೆನ್ನಾಗಿದೆ ಅಂತ ಒಪ್ತೀನಿ. ಆದ್ರೆ ಇಟಿಪಿ ಸರಿಯಾಗಿ ನಡೆಸಿಯೂ ಫೇಲ್ ಆಗಬಹುದಲ್ಲ? ಬರೀ ಲೆಡ್ಜರ್ ನೋಡಿ ಗಲ್ಲಿಗೇರಿಸ್ತೀರಾ?

ಮಂಜು, 10:46
ಆಗುತ್ತೆ, ದಿನಾ ಆಗುತ್ತೆ. ಇಳಿಸೋಕೆ ಪಿಎಚ್ 2ರಿಂದ 2.5 ಬೇಕು. ಆಸಿಡ್ ಉಳಿಸೋಕೆ ಹೋಗಿ 4ರಲ್ಲಿ ನಡೆಸಿದ್ರೆ ಮೆಟಾಬೈಸಲ್ಫೈಟ್ ಎಷ್ಟು ಸುರಿದ್ರೂ ಕೆಲಸ ನಿಧಾನ, ಹಳದಿ ನೀರು ಹಾಗೇ ಮುಂದೆ ಹೋಗುತ್ತೆ. ಆಮೇಲೆ ಸುಣ್ಣ ಹಾಕಿ 8–8.5ಕ್ಕೆ ಏರಿಸ್ಬೇಕು. ಆಪರೇಟರ್ ಕೈ ಜಾರಿ 10 ದಾಟಿದ್ರೆ ಕೂತ ಕ್ರೋಮಿಯಂ ಮತ್ತೆ ಕರಗುತ್ತೆ. ಆದ್ರೆ ಇವೆರಡರಲ್ಲೂ ಚೀಲ ಖರ್ಚಾಗಿರುತ್ತೆ. ಚೀಲವೂ ಇಲ್ಲ, ಕೇಕೂ ಇಲ್ಲ ಅಂದ್ರೆ ಬೈಪಾಸ್ ಪೈಪೇ.

ಸವಿತಾ, 11:02
ಹೆಣದ ವಿಷಯ ಯಾರೂ ಎತ್ತಲಿಲ್ಲ. ಟ್ಯಾಂಕ್ ತೆಗೆದಾಗ "ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ರಾಚಿತು" ಅಂತಿದೆ. ಕ್ರೋಮ್ ಇಟಿಪಿಯಲ್ಲಿ ಆ ವಾಸನೆ ಎಲ್ಲಿಂದ? ಅಲ್ಲಿ ಕೊಳೆಯೋಂಥದ್ದು ಏನೂ ಇಲ್ಲ. ಮೂಗಿಗೆ ಬರೋದು ಬೆಂಕಿಕಡ್ಡಿ ಗೀರಿದಾಗಿನ ಘಾಟು, ಸಲ್ಫರ್ ಡೈಆಕ್ಸೈಡು. ಮೊಟ್ಟೆ ವಾಸನೆ ಕೊಳಚೆ ನೀರು ಪಂಪ್ ಮಾಡೋ ಗುಂಡಿಯದು, ವೆಟ್‌ವೆಲ್‌ದು.

ಹೆಗಡೆ, 11:04
ಹಂಗಾದ್ರೆ ಆತ ಬೇರೆಲ್ಲೋ ಸತ್ತ, ಹೆಣ ತಂದು ಹಾಕಿದ್ರು! ಇದು ನನ್ನ ಸುಳಿವು, ಯಾರೂ ಕಿತ್ಕೊಬೇಡಿ.

ರಫೀಕ್, 11:07
ವಾಸನೆ ಸಾಕ್ಷಿಯಲ್ಲಪ್ಪ.

ಸವಿತಾ, 11:15
ಜೇಬು ನೋಡ್ಲಿ. ಹೈಡ್ರೋಜನ್ ಸಲ್ಫೈಡ್ ಇರೋ ಗುಂಡಿಯಲ್ಲಿ ಬಿದ್ದವರ ಜೇಬಿನ ತಾಮ್ರ, ಬೆಳ್ಳಿ ಕಪ್ಪಾಗಿರುತ್ತೆ. ಮತ್ತೆ 100 ಪಿಪಿಎಂ ಹತ್ತಿರ ಬಂದ್ರೆ ಮೂಗು ಸತ್ತುಹೋಗುತ್ತೆ, ವಾಸನೆ ಹೋಯ್ತು ಅಂತ ಇಳಿದವನು ಅಲ್ಲೇ ಬೀಳ್ತಾನೆ. ಎತ್ತೋಕೆ ಇಳಿದವನೂ ಬೀಳ್ತಾನೆ. ಹಾಗಾಗಿ ಹೆಣ ಹೊರಗೆ ತಂದವನ ಹತ್ರ ಪೈಪಲ್ಲಿ ಹೊರಗಿನ ಗಾಳಿ ಕೊಡೋ ಏರ್‌ಲೈನ್ ಮಾಸ್ಕ್ ಆಗಲಿ, ಮೇಲೆತ್ತೋ ಟ್ರೈಪಾಡ್ ಆಗಲಿ ಇರಲೇಬೇಕು. ಅದು ಯಾರ ಹತ್ರ ಇತ್ತು ಅಂತ ಹುಡುಕ್ಲಿ.

ಮಂಜು, 11:18
ಈಗಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೀಲ್, ಕಪ್ಪಾಗಲ್ಲ. ಬೀಗದ ಕೈ ಹಿತ್ತಾಳೇದು ಅಂತ ಬರೆಯೋಕೆ ಹೇಳು. ಇಲ್ಲಾಂದ್ರೆ ಉಡದಾರ, ಬೆಳ್ಳೀದು.